ಧಾರೆ ಸೀರೆಯ ಹಿಂದಿನ ಖಾತೆ ಪುಸ್ತಕ

ಮದುವೆ ಜವಳಿಗೆಂದು ಬರುವ ಕುಟುಂಬಗಳು ನಮ್ಮ ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತವೆ. ಇದು ಶುದ್ಧ ರೇಷ್ಮೆಯೇ? ಜರಿ ಅಸಲಿಯೇ? ಎಷ್ಟು ಕಡಿಮೆ ಮಾಡುತ್ತೀರಿ? ಚಿಕ್ಕಪೇಟೆಯ ಓಣಿಯೊಂದರಲ್ಲಿ ಮೂವತ್ತು ವರ್ಷಗಳಿಂದ ಗಾದಿಯ ಮೇಲೆ ಕುಳಿತು ಈ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಬಂದಿದ್ದೇನೆ. ಕಳೆದ ವೈಶಾಖದಲ್ಲಿ, ತನ್ನ ಧಾರೆ ಸೀರೆಯನ್ನು ಆರಿಸಲು ಬಂದಿದ್ದ ಹುಡುಗಿಯೊಬ್ಬಳು ನಾಲ್ಕನೆಯ ಪ್ರಶ್ನೆ ಕೇಳಿದಳು: ‘ಆಂಟಿ, ಈ ಕಪಾಟಿನಲ್ಲಿ ಯಾರು ನೇಯ್ದ ಸೀರೆ ಇರಬೇಕು ಅಂತ ನೀವು ಹೇಗೆ ತೀರ್ಮಾನ ಮಾಡ್ತೀರಿ?’ ಆಕೆಯ ತಾಯಿ, ‘ನಿನಗ್ಯಾಕೆ ಅದೆಲ್ಲ, ಬಣ್ಣ ನೋಡು’ ಎಂದು ಗದರಿದರು. ನಾನು ರೂಢಿಯ ಉತ್ತರವನ್ನೇ ಕೊಟ್ಟೆ: ‘ಗುಣಮಟ್ಟ ನೋಡಿ ತರಿಸ್ತೀವಮ್ಮ.’ ಆ ಉತ್ತರ ಸುಳ್ಳಲ್ಲ; ಪೂರ್ತಿ ಸತ್ಯವೂ ಅಲ್ಲ. ಅಂದು ಹೇಳದೆ ಉಳಿಸಿಕೊಂಡ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಷಾಢದಲ್ಲಿ ಮದುವೆಗಳಿಲ್ಲ. ಗಿರಾಕಿಗಳಿಗೆ ಅದು ರಿಯಾಯಿತಿಯ ತಿಂಗಳು. ನಮಗೆ ಮಗ್ಗಗಳಿರುವ ಊರುಗಳಿಗೆ ಹೋಗಿಬರುವ ತಿಂಗಳು. ತಮಿಳುನಾಡಿನ ಕಾಂಚೀಪುರ, ಆರಣಿ, ಆಂಧ್ರದ ಧರ್ಮಾವರ, ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು- ಇವು ನಮ್ಮ ಪ್ರಯಾಣದ ಊರುಗಳು. ಶ್ರಾವಣದಿಂದ ಆರಂಭಿಸಿ ಕಾರ್ತಿಕ, ಮಾಘ, ವೈಶಾಖಗಳವರೆಗಿನ ಮುಹೂರ್ತಗಳಿಗೆ ಏನು ಬೇಕೆಂಬುದು ಅಲ್ಲಿಯೇ ನಿಶ್ಚಯವಾಗುತ್ತದೆ. ಅಂಚು ಮತ್ತು ಒಡಲುಗಳನ್ನು ಬೇರೆ ಬೇರೆ ಲಾಳಿಗಳಿಂದ ನೇಯ್ದು, ನೇಯುತ್ತಲೇ ಜೋಡಿಸುವ ಕುಟ್ಟು ಅಂಚಿನ ಸೀರೆಯೊಂದು ಮಗ್ಗದಿಂದ ಇಳಿಯಲು ಹತ್ತರಿಂದ ಇಪ್ಪತ್ತು ದಿನ ಬೇಕು. ಆದ್ದರಿಂದ ವಧುವಿಗೆ ವರ ನಿಶ್ಚಯವಾಗುವ ಮೊದಲೇ ಆಕೆಯ ಸೀರೆ ಯಾವ ಊರಿನಿಂದ ಬರಬೇಕೆಂಬುದನ್ನು ನಮ್ಮಂಥವರು ನಿಶ್ಚಯಿಸಿರುತ್ತೇವೆ.

ಹೊಸಬರಿಂದ ನಾವು ಮೊದಲು ತರಿಸುವುದು ಹನ್ನೆರಡು ಸೀರೆಗಳನ್ನು ಮಾತ್ರ. ಅವು ಬಂದ ದಿನ ಮುಂಭಾಗಕ್ಕಿಂತ ಹಿಂಭಾಗವನ್ನು ಹೆಚ್ಚು ಹೊತ್ತು ನೋಡುತ್ತೇವೆ. ಬುಟ್ಟಾಗಳ ನಡುವೆ ಎಳೆಗಳು ಸಡಿಲವಾಗಿ ತೇಲುತ್ತಿವೆಯೇ, ಅಂಚು ಒಡಲಿಗೆ ಕೂಡುವ ಜಾಗ ನೆಟ್ಟಗಿದೆಯೇ, ಸೆರಗಿನ ಜೋಡಣೆ ಬಿಗಿಯಾಗಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಕೆಂಪು ಅಂಚನ್ನು ಒತ್ತಿ ಬಣ್ಣ ಬಿಡುವುದೇ ಎಂದು ನೋಡುತ್ತೇವೆ. ಕೆನೆಬಣ್ಣದ ಒಡಲಿಗೆ ಕೆಂಪು ಅಂಚಿರುವ ಧಾರೆ ಸೀರೆಗೆ ಇದು ಜೀವನ್ಮರಣದ ಪರೀಕ್ಷೆ. ಹಾಸಿನಿಂದ ಒಂದು, ಹೊಕ್ಕಿನಿಂದ ಒಂದು ಎಳೆಯನ್ನು ಸುಡುತ್ತೇವೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಜರಿಯ ಹೊದಿಕೆಯನ್ನು ಉಗುರಿನಿಂದ ಸುಲಿದು ಒಳಗಿನ ಎಳೆಯನ್ನು ನೋಡುತ್ತೇವೆ. ಅಸಲಿ ಜರಿಯಲ್ಲಿ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಅದಕ್ಕೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಪೇಟೆಯಲ್ಲಿ ‘ಟೆಸ್ಟೆಡ್’ ಎಂದು ಕರೆಯುವ ಜರಿಯಲ್ಲಿ ಬೆಳ್ಳಿಯ ಜಾಗವನ್ನು ತಾಮ್ರ ತೆಗೆದುಕೊಂಡಿರುತ್ತದೆ.

ಇವೆಲ್ಲ ಕಣ್ಣು, ಕೈ, ಮೂಗಿನ ಪರೀಕ್ಷೆಗಳು. ಇವುಗಳ ನಂತರದ್ದು ವ್ಯಾಪಾರದ ಪರೀಕ್ಷೆ. ಇಂದು ಕೊಟ್ಟ ಬಣ್ಣವನ್ನೇ ಮೂರು ತಿಂಗಳ ಬಳಿಕ ಮತ್ತೆ ಕೊಡಬಲ್ಲರೇ? ಬೀಗರ ಕಡೆಯವರು ಒಂದೇ ಬಗೆಯ ಆರು ಸೀರೆ ಕೇಳಿದರೆ ಹೊಂದಿಸಬಲ್ಲರೇ? ನಮಗೆ ಕೊಟ್ಟ ವಿನ್ಯಾಸವನ್ನು ಎದುರಿನ ಅಂಗಡಿಗೂ ಕೊಟ್ಟುಬಿಡುವರೇ? ಮುಹೂರ್ತ ಗುರುವಾರವಿದ್ದರೆ ಸೀರೆ ಶುಕ್ರವಾರ ಬಂದು ಪ್ರಯೋಜನವಿಲ್ಲ. ಆದ್ದರಿಂದ ಹೇಳಿದ ದಿನ ತಲುಪಿಸುವರೇ ಎಂಬುದೂ ಮುಖ್ಯ. ಈ ಹಂತದವರೆಗೆ ನಾನು ಆ ಹುಡುಗಿಗೆ ಕೊಟ್ಟ ಉತ್ತರ ಪ್ರಾಮಾಣಿಕವಾದದ್ದೇ.

ಆದರೆ ಕೊನೆಯ ಪರೀಕ್ಷೆ ನಡೆಯುವುದು ಸೀರೆಯ ಮೇಲಲ್ಲ, ಖಾತೆ ಪುಸ್ತಕದ ಮೇಲೆ. ನಾನು ಸೊಸೆಯಾಗಿ ಬಂದು ಅಂಗಡಿಯ ಲೆಕ್ಕ ಬರೆಯಲು ಕುಳಿತ ಮೊದಲ ವರ್ಷವೇ ಮಾವನವರು ಹೇಳಿದ್ದರು: ‘ಸೀರೆ ಆಮೇಲೆ ನೋಡಮ್ಮ, ಮನುಷ್ಯ ಎಷ್ಟು ದಿನ ಕಾಯ್ತಾನೆ ಅಂತ ಮೊದಲು ನೋಡು.’ ಜವಳಿ ಪೇಟೆಯಲ್ಲಿ ಸರಕು ಬಂದ ದಿನ ಹಣ ಕೊಡುವ ಪದ್ಧತಿ ಬಲು ಅಪರೂಪ. ತೊಂಬತ್ತು ದಿನ, ನೂರಿಪ್ಪತ್ತು ದಿನಗಳ ಸಾಲ ನಮ್ಮಲ್ಲಿ ಸಹಜವಾಗಿತ್ತು. ಅದರ ಮೇಲೆ ಇನ್ನೊಂದು ಕರಾರು: ಮಾರಾಟವಾದರೆ ಹಣ, ಆಗದಿದ್ದರೆ ಸರಕು ವಾಪಸು. ಗಾಜಿನ ಕಪಾಟುಗಳಲ್ಲಿ ಸಾಲಾಗಿ ಜೋಡಿಸಿದ ಸೀರೆಗಳನ್ನು ಕಂಡು ‘ಎಷ್ಟು ಬಂಡವಾಳ ಹಾಕಿದ್ದೀರಿ!’ ಎಂದು ಗಿರಾಕಿಗಳು ಬೆರಗಾಗುತ್ತಾರೆ. ಆ ಬಂಡವಾಳದ ದೊಡ್ಡ ಪಾಲು ನಮ್ಮದಾಗಿರಲಿಲ್ಲ, ನೇಯ್ದವರದಾಗಿತ್ತು.

ನೇಕಾರನ ಕಡೆಯಿಂದ ಈ ಲೆಕ್ಕವನ್ನು ನೋಡಿದರೆ ಬೇರೆಯೇ ಕಾಣುತ್ತದೆ. ಅವನು ರೇಷ್ಮೆ ನೂಲನ್ನು ಕೊಳ್ಳುವಾಗ ನೂಲಿನ ವ್ಯಾಪಾರಿ ಅಷ್ಟು ದಿನ ಕಾಯುವುದಿಲ್ಲ. ರಾಮನಗರ, ಶಿಡ್ಲಘಟ್ಟಗಳ ಮಾರುಕಟ್ಟೆಯಲ್ಲಿ ಗೂಡಿನ ದರ ಏರಿದರೆ ನೂಲಿನ ದರವೂ ಏರುತ್ತದೆ. ಸೂರತ್ತಿನಿಂದ ಬರುವ ಜರಿಯ ಬೆಲೆ ಚಿನ್ನ, ಬೆಳ್ಳಿಗಳ ಬೆಲೆಯೊಡನೆ ಮೇಲೇರುತ್ತದೆ. ಮನೆಯಲ್ಲಿ ಒಂದೋ ಎರಡೋ ಮಗ್ಗ ಇಟ್ಟುಕೊಂಡವನಿಗೆ ನಾಲ್ಕು ತಿಂಗಳ ಸಾಲ ಕೊಡುವ ಶಕ್ತಿ ಎಲ್ಲಿಂದ ಬರಬೇಕು? ಹಾಗಾಗಿ ಅವನು ನಮ್ಮ ಬಾಗಿಲಿಗೆ ಬರುವುದೇ ಇಲ್ಲ. ಐವತ್ತು, ನೂರು ಮಗ್ಗಗಳಿಗೆ ನೂಲು ಕೊಟ್ಟು ಕೂಲಿಗೆ ನೇಯಿಸುವ ಯಜಮಾನನ ಕೈಕೆಳಗೆ ಸೇರುತ್ತಾನೆ. ನಾವು ‘ನೇಕಾರರನ್ನು ಆಯ್ಕೆ ಮಾಡುತ್ತೇವೆ’ ಎನ್ನುವುದು ಬಹುಮಟ್ಟಿಗೆ ಈ ಯಜಮಾನರ ಆಯ್ಕೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತವನ ಮುಖವನ್ನು ಅಂಗಡಿ ನೋಡಿರುವುದೇ ಇಲ್ಲ. ಅಂಗಡಿ ಹಣ ತಡೆಹಿಡಿದಾಗ ಯಜಮಾನ ಕೂಲಿ ತಡೆಹಿಡಿಯುತ್ತಾನೆ. ಆ ತಡ ಕೊನೆಗೆ ಹೋಗಿ ಮುಟ್ಟುವುದು ಅವನಿಗೇ.

ನನ್ನದೇ ತಪ್ಪೊಂದನ್ನು ಹೇಳದೆ ಈ ಮಾತು ಮುಂದುವರಿಸುವುದು ಸರಿಯಲ್ಲ. ನಮ್ಮ ಅಂಗಡಿಗೆ ಯಜಮಾನರ ನಡುವಿಲ್ಲದೆ ನೇರವಾಗಿ ಸೀರೆ ಕೊಡುತ್ತಿದ್ದ ಕೆಲವೇ ಮನೆಗಳಲ್ಲಿ ಮೊಳಕಾಲ್ಮುರು ಕಡೆಯ ಒಂದು ಮನೆ ಇತ್ತು. ತಂದೆ, ಮಗ ಇಬ್ಬರೂ ನೇಯುತ್ತಿದ್ದರು. ಮನೆಯ ಹೆಂಗಸರು ನೂಲು ಸುತ್ತಿ ಕಂಡಿಕೆ ಮಾಡಿಕೊಡುತ್ತಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ವೈಶಾಖದ ಮುಹೂರ್ತಗಳಿಗಾಗಿ ಅವರು ನೇಯ್ದ ಹದಿನೆಂಟು ಸೀರೆಗಳು ನಮ್ಮ ಕಪಾಟಿನಲ್ಲಿದ್ದವು. ಮದುವೆಗಳು ಮುಂದಕ್ಕೆ ಹೋದವು. ನಡೆದವುಗಳಿಗೂ ಐವತ್ತು ಜನರ ಮಿತಿ ಬಂತು. ಅಂಗಡಿಯ ಬಾಡಿಗೆ, ಕೆಲಸದ ಹುಡುಗರ ಸಂಬಳ, ಸರಬರಾಜುದಾರರ ಬಾಕಿ- ಎಲ್ಲವೂ ಒಟ್ಟಿಗೆ ಎದುರು ನಿಂತವು. ಅಂಗಡಿ ತೆರೆದ ಮೇಲೆ ಇದ್ದಷ್ಟು ಹಣದಲ್ಲಿ ನಾನು ಮೊದಲು ತೀರಿಸಿದ್ದು ದೊಡ್ಡ ಯಜಮಾನರ ಬಾಕಿಯನ್ನು. ಅವರು ಮುನಿಸಿಕೊಂಡರೆ ಮುಂದಿನ ಋತುವಿಗೆ ಸರಕು ಸಿಗದೆಂಬ ಭಯ. ಮೊಳಕಾಲ್ಮುರಿನವರ ಹದಿನೆಂಟು ಸೀರೆಗಳನ್ನು ಕರಾರಿನಂತೆ ಗಂಟು ಕಟ್ಟಿ ವಾಪಸು ಕಳಿಸಿದೆ. ತಂದೆ ಫೋನಿನಲ್ಲಿ, ‘ಆಗಲಿ ಬಿಡ್ರಮ್ಮ, ನೀವಾದ್ರೂ ಏನ್ ಮಾಡ್ತೀರಿ’ ಎಂದರು. ಆ ಒಂದು ಮಾತು ನನ್ನನ್ನು ನಿರಾಳಗೊಳಿಸಿತು ಎಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ನಾವು ಯಾರಿಗೆ ಹೆದರುತ್ತೇವೋ ಅವರಿಗೆ ಹಣ ಕೊಡುತ್ತೇವೆ. ಯಾರು ನಮಗೆ ಹೆದರುತ್ತಾರೋ ಅವರಿಗೆ ಸರಕು ವಾಪಸು ಕಳಿಸುತ್ತೇವೆ. ಇದು ಯಾವ ಕರಾರಿನಲ್ಲಿಯೂ ಬರೆದಿಲ್ಲದ, ಎಲ್ಲ ಅಂಗಡಿಗಳಿಗೂ ಗೊತ್ತಿರುವ ನಿಯಮ.

2022ರ ಆಷಾಢದಲ್ಲಿ ಆ ಊರಿಗೆ ಹೋದೆ. ಮನೆಯ ಪಡಸಾಲೆಯಲ್ಲಿ ಮಗ್ಗವಿರಲಿಲ್ಲ. ಗುಂಡಿಗೆ ಮಣ್ಣು ತುಂಬಿ ನೆಲ ಸಾರಿಸಿ, ಮೇಲೆ ಒಂದು ಮಂಚ ಹಾಕಿದ್ದರು. ಮಗ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಕಾವಲು ಕೆಲಸಕ್ಕೆ ಸೇರಿದ್ದ. ವಾಪಸು ಹೋದ ಹದಿನೆಂಟರಲ್ಲಿ ಹದಿನೇಳು ಸೀರೆಗಳನ್ನು ನೂಲಿನ ಸಾಲ ತೀರಿಸಲು ಸಿಕ್ಕಿದ ಬೆಲೆಗೆ ಮಾರಿದ್ದರು. ಉಳಿದ ಒಂದನ್ನು ಮಗಳ ಮದುವೆಗೆಂದು ಇಟ್ಟುಕೊಂಡಿದ್ದರು. ನನಗೆ ಅದನ್ನು ತೋರಿಸಿ, ಕಾಫಿ ಕೊಟ್ಟು, ಅಂಗಡಿ ಹೇಗಿದೆ ಎಂದು ವಿಚಾರಿಸಿದರು. ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೈಮಗ್ಗದ ಕುಸಿತಕ್ಕೆ ವಿದ್ಯುತ್ ಮಗ್ಗವೊಂದೇ ಕಾರಣವೆಂದು ಬರೆಯುವವರಿದ್ದಾರೆ. ಅದು ಅರ್ಧ ನಿಜ. ಅಂಚಿನ ಸೀರೆಗಳೂ ಸೇರಿದಂತೆ 11 ಬಗೆಯ ವಸ್ತುಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾನೂನು 1985ರಿಂದ ಇದೆ. ಸುಪ್ರೀಂ ಕೋರ್ಟ್ 1993ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೂ ವಿದ್ಯುತ್ ಮಗ್ಗದಲ್ಲಿ ನೇಯ್ದ ಅಂಚಿನ ರೇಷ್ಮೆ ಸೀರೆಗಳು ಕೈಮಗ್ಗದ ಹೆಸರಿನಲ್ಲಿ ಪೇಟೆಯಲ್ಲೆಲ್ಲ ಮಾರಾಟವಾಗುತ್ತಿವೆ. ಇಲ್ಲಿರುವ ದೋಷ ಯಂತ್ರದ್ದಲ್ಲ, ಹೆಸರು ಮರೆಸುವುದರದ್ದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯಲ್ಲಿ ಇಂದಿಗೂ ನೇಯ್ಗೆ ನಡೆಯುವುದು ಯಂತ್ರದ ಮಗ್ಗಗಳಲ್ಲಿಯೇ. ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಸೀರೆಗೊಂದು ಸಂಖ್ಯೆಯಿದೆ, ಸರ್ಕಾರಿ ಸಂಸ್ಥೆಯೇ ನೇಯ್ದು ತನ್ನದೇ ಮಳಿಗೆಗಳಲ್ಲಿ ಮಾರುತ್ತದೆ, ಜನ ಸಾಲುಗಟ್ಟಿ ನಿಂತು ಕೊಳ್ಳುತ್ತಾರೆ. ಆ ಸೀರೆಯನ್ನು ಕಪಾಟಿನಲ್ಲಿ ಇಡಬೇಕೇ ಬೇಡವೇ ಎಂದು ತೀರ್ಮಾನಿಸುವ ನಮ್ಮಂಥವರು ನಡುವೆ ಇಲ್ಲದಿರುವುದು ಅದರ ಪುಣ್ಯವೆಂದೇ ಎಷ್ಟೋ ಸಲ ನನಗೆ ಅನ್ನಿಸಿದೆ.

ವಿದ್ಯುತ್ ಮಗ್ಗದ ಸೀರೆ ನಮ್ಮ ಕಪಾಟುಗಳನ್ನು ಗೆದ್ದದ್ದು ಅಗ್ಗವೆಂಬ ಕಾರಣದಿಂದ ಮಾತ್ರವಲ್ಲ. ಅದನ್ನು ಕೊಡುವವನ ಬಳಿ ಬಂಡವಾಳವಿದೆ, ಆದ್ದರಿಂದ ಕಾಯುವ ಶಕ್ತಿಯಿದೆ. ನನ್ನ ಮಗ ಅಂಗಡಿಗೆ ಬಂದು ಕುಳಿತ ಹೊಸತರಲ್ಲಿ, ‘ಅಮ್ಮಾ, ಗಿರಾಕಿಗೆ ವ್ಯತ್ಯಾಸ ಗೊತ್ತಾಗಲ್ಲ, ಇವರು ನೂರೈವತ್ತು ದಿನ ಬಿಟ್ಟು ದುಡ್ಡು ತಗೋತಾರೆ. ಇನ್ಯಾಕೆ ಯೋಚನೆ?’ ಎಂದು ವಾದಿಸುತ್ತಿದ್ದ. ಬಾಡಿಗೆಯ ಲೆಕ್ಕ ಮುಂದಿಟ್ಟುಕೊಂಡಾಗ ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಗುಣಮಟ್ಟದ ಎಲ್ಲ ಪರೀಕ್ಷೆಗಳಲ್ಲಿ ಗೆದ್ದ ಸೀರೆ ಈ ಕೊನೆಯ ಪರೀಕ್ಷೆಯಲ್ಲಿ ಸೋಲುತ್ತದೆ. ಆ ಸೋಲನ್ನು ನಾವು ‘ಗಿರಾಕಿಗಳಿಗೆ ಬೇಕಿಲ್ಲ’ ಎಂಬ ಮಾತಿನಿಂದ ಮುಚ್ಚುತ್ತೇವೆ.

ಗಿರಾಕಿಗೆ ನೆರವಾಗಲೆಂದು ಗುರುತುಗಳು ಇಲ್ಲದಿಲ್ಲ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ನೂಲು ಶುದ್ಧ ರೇಷ್ಮೆಯೆಂದು ಹೇಳುತ್ತದೆ. ಕೈಮಗ್ಗವೋ ಅಲ್ಲವೋ, ಜರಿ ಎಂಥದು ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. 2006ರ ಹ್ಯಾಂಡ್‌ಲೂಮ್ ಮಾರ್ಕ್ ಕೈಯಲ್ಲಿ ನೇಯ್ದದ್ದೆಂದು ಹೇಳುತ್ತದೆ. ಕಾಂಚೀಪುರದ ರೇಷ್ಮೆಗೂ ಮೈಸೂರು ರೇಷ್ಮೆಗೂ 2005-06ರಲ್ಲಿ ದೊರೆತ, ಆಮೇಲೆ ಇಳಕಲ್, ಮೊಳಕಾಲ್ಮುರು ಸೀರೆಗಳಿಗೂ ಸಿಕ್ಕ ಭೌಗೋಳಿಕ ಸೂಚಕದ ಮಾನ್ಯತೆ ಊರಿನ ಹೆಸರನ್ನು ಕಾಯುತ್ತದೆ. ಮೂರೂ ಬೇಕಾದವೇ. ಆದರೆ ನೇಯ್ದವನಿಗೆ ಹಣ ಯಾವಾಗ ಸಿಕ್ಕಿತು ಎಂಬುದನ್ನು ಮೂರರಲ್ಲಿ ಯಾವುದೂ ಹೇಳುವುದಿಲ್ಲ.

ಈಚಿನ ವರ್ಷಗಳಲ್ಲಿ ವಧುಗಳು ನಟಿಯರ ಮದುವೆಯ ಚಿತ್ರಗಳನ್ನು ಮೊಬೈಲಿನಲ್ಲಿ ತಂದು, ವಿನ್ಯಾಸಕರ ಹೆಸರು ಹೇಳಿ ಸೀರೆ ಕೇಳುತ್ತಾರೆ. 2018ರ ನವೆಂಬರ್‌ನಲ್ಲಿ ಇಟಲಿಯಲ್ಲಿ ನಡೆದ ದೀಪಿಕಾ ಪಡುಕೋಣೆಯವರ ಮದುವೆ ಅನೇಕರಿಗೆ ನೆನಪಿರಬಹುದು. ಕೊಂಕಣಿ ವಿಧಿಯಲ್ಲಿ ಅವರು ಉಟ್ಟ ಸೀರೆಯ ಶ್ರೇಯಸ್ಸು ಮೊದಲು ಪ್ರಸಿದ್ಧ ವಿನ್ಯಾಸಕ ಸಬ್ಯಸಾಚಿ ಅವರಿಗೆ ಹೋಯಿತು. ಆಮೇಲೆ, ಅದು ವಧುವಿನ ತಾಯಿ ಕೊಟ್ಟದ್ದು, ಬೆಂಗಳೂರಿನ ಅಂಗಡಿಯೊಂದರಲ್ಲಿ ಕೊಂಡದ್ದು ಎಂದು ಅವರ ಸಂಸ್ಥೆಯೇ ಸ್ಪಷ್ಟಪಡಿಸಿತು. ಪೇಟೆಯ ನಮಗೆಲ್ಲ ಅದು ಹೆಮ್ಮೆಯ ಸುದ್ದಿಯಾಗಿತ್ತು. ವಿನ್ಯಾಸಕರ ಹೆಸರು ಬಂತು, ಅಂಗಡಿಯ ಹೆಸರು ಬಂತು. ಅದನ್ನು ನೇಯ್ದ ಕೈ ಯಾರದೆಂದು ಕೇಳಿದ್ದನ್ನು ನಾನಂತೂ ಕಾಣೆ. ನಾನೂ ಅಂದು ಕೇಳಿರಲಿಲ್ಲ.

ಕೇಳದೆ ಉಳಿದ ಆ ಪ್ರಶ್ನೆಯ ಫಲ ಅಂಕಿಗಳಲ್ಲಿದೆ. 2009-10ರ ಕೈಮಗ್ಗ ಗಣತಿಯಲ್ಲಿ ದೇಶದಾದ್ಯಂತ ನೇಕಾರರೂ ಪೂರಕ ಕೆಲಸದವರೂ ಸೇರಿ 43.31 ಲಕ್ಷ ಮಂದಿ ಇದ್ದರು. 2019-20ರ ಗಣತಿಯಲ್ಲಿ ಆ ಸಂಖ್ಯೆ 35.22 ಲಕ್ಷಕ್ಕೆ ಇಳಿದಿತ್ತು; ಅವರಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ಹೆಂಗಸರು. ಇದು ಕೋವಿಡ್ ಪೂರ್ಣವಾಗಿ ಅಪ್ಪಳಿಸುವ ಮೊದಲಿನ ಲೆಕ್ಕ. ಮಣ್ಣು ತುಂಬಿ ಮಂಚ ಹಾಕಿದ ಗುಂಡಿಗಳು ಅದರಲ್ಲಿ ಸೇರಿಲ್ಲ.

ಹಾಗಾದರೆ ಅಂಗಡಿಯವರು ಮಾಡಬಹುದಾದದ್ದೇನು? ದಾನಧರ್ಮದ ಮಾತು ಇಲ್ಲಿ ಬೇಡ, ವ್ಯಾಪಾರ ವ್ಯಾಪಾರವೇ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಪಾವತಿಸಬೇಕೆಂಬ ಕಾನೂನು 2006ರಿಂದಲೇ ಇತ್ತು. ಪೇಟೆ ಅದನ್ನು ಓದಿರಲಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಆದಾಯ ತೆರಿಗೆ ಕಾನೂನಿಗೆ ಒಂದು ಅಂಶ ಸೇರಿಸಿತು: ನೋಂದಾಯಿತ ಅತಿಸಣ್ಣ, ಸಣ್ಣ ಉತ್ಪಾದಕರಿಗೆ ಆ ಗಡುವಿನೊಳಗೆ ಹಣ ಕೊಡದಿದ್ದರೆ, ಕೊಡುವವರೆಗೂ ಆ ಖರೀದಿಯನ್ನು ಖರ್ಚೆಂದು ತೋರಿಸುವಂತಿಲ್ಲ. ಇದು 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಪೇಟೆಯಲ್ಲಿ ಗದ್ದಲವೆದ್ದಿತು. ‘ನೋಂದಣಿ ರದ್ದು ಮಾಡಿಸಿಕೊಂಡು ಬಾ, ಆಮೇಲೆ ಸರಕು ತಗೋತೀನಿ’ ಎಂದು ಸಣ್ಣವರಿಗೆ ಹೇಳಿದ ವ್ಯಾಪಾರಿಗಳನ್ನು ನಾನೇ ಬಲ್ಲೆ. ನೇಕಾರನ ರಕ್ಷಣೆಗೆಂದು ಬಂದ ಕಾನೂನೇ ಅವನನ್ನು ಕಪಾಟಿನಿಂದ ಹೊರಗಿಡುವ ನೆಪವಾಗಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆ ವರ್ಷ ನಾನೂ ಮಗನೂ ಒಂದು ವಾರ ಖಾತೆ ಪುಸ್ತಕಗಳ ಮುಂದೆ ಕುಳಿತೆವು. ನಲವತ್ತಕ್ಕೂ ಹೆಚ್ಚಿದ್ದ ಸರಬರಾಜುದಾರರನ್ನು ಇಪ್ಪತ್ತಾರಕ್ಕೆ ಇಳಿಸಿದೆವು. ಕಪಾಟಿನ ಸೀರೆಗಳ ಸಂಖ್ಯೆ ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತು. ಇದ್ದಷ್ಟನ್ನು 45 ದಿನದೊಳಗೆ ಹಣ ಕೊಟ್ಟು ಕೊಳ್ಳುವುದು, ಕೈಮಗ್ಗದ ಸೀರೆಯನ್ನು ದೋಷವಿಲ್ಲದೆ ವಾಪಸು ಕಳಿಸದಿರುವುದು, ವಿದ್ಯುತ್ ಮಗ್ಗದ್ದನ್ನು ಹಾಗೆಂದೇ ಹೇಳಿ ಬೇರೆ ಕಪಾಟಿನಲ್ಲಿಡುವುದು- ಈ ಮೂರನ್ನು ನಿಯಮ ಮಾಡಿಕೊಂಡೆವು. ತಮಿಳುನಾಡಿನ ನೇಕಾರರ ಸಹಕಾರ ಸಂಸ್ಥೆ ಕೋ-ಆಪ್ಟೆಕ್ಸ್ 2010ರ ದಶಕದಲ್ಲಿ ತನ್ನ ಸೀರೆಗಳಿಗೆ ನೇಕಾರರ ಭಾವಚಿತ್ರವಿರುವ ಚೀಟಿ ಕಟ್ಟಲಾರಂಭಿಸಿತ್ತು. ಅದನ್ನು ನೋಡಿ ನಾವೂ, ಹೆಸರು ತಿಳಿದಷ್ಟು ಸೀರೆಗಳಿಗೆ, ನೇಯ್ದವರ ಹೆಸರಿನ ಚೀಟಿ ಕಟ್ಟುತ್ತಿದ್ದೇವೆ.

ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಮೊದಲ ವರ್ಷ ವ್ಯಾಪಾರ ಇಳಿಯಿತು. ‘ನಿಮ್ಮಲ್ಲಿ ಮೊದಲಿನ ಹಾಗೆ ಸರಕೇ ಇಲ್ಲ’ ಎಂದು ಹಳೆಯ ಗಿರಾಕಿಗಳು ಎದುರು ಅಂಗಡಿಗೆ ಹೋದರು. ಯಜಮಾನರಿಗೆ ಬೇಗ ಕೊಟ್ಟ ಹಣ ಗುಂಡಿಯಲ್ಲಿ ಕುಳಿತವನಿಗೆ ಬೇಗ ತಲುಪುತ್ತದೆಂಬ ಖಾತರಿ ನನಗಿಲ್ಲ. ಎಷ್ಟೋ ಚೀಟಿಗಳಲ್ಲಿ ಇಂದಿಗೂ ಯಜಮಾನನ ಹೆಸರೇ ಇದೆ. ಮೊಳಕಾಲ್ಮುರಿನ ಆ ಮನೆಯ ಮಗನಿಗೆ ಮತ್ತೆ ಮಗ್ಗ ಹೂಡುವಂತೆ ಹೇಳಿ ಕಳಿಸಿದೆ, ಮುಂಗಡ ಕೊಡುವುದಾಗಿಯೂ ಹೇಳಿದೆ. ‘ತಿಂಗಳಾದ ಕೂಡಲೇ ಸಂಬಳ ಬರ್ತದಮ್ಮ’ ಎಂದಷ್ಟೇ ಉತ್ತರ ಬಂತು. ಅದರಲ್ಲಿ ನನ್ನ ಅಂಗಡಿಯ ಬಗ್ಗೆ ಅವನಿಗೆ ಹೇಳಬೇಕಾದುದೆಲ್ಲ ಇತ್ತು.

ಮದುವೆ ಜವಳಿಗೆ ಹೊರಡುವ ಓದುಗರಲ್ಲಿ ಒಂದು ಕೋರಿಕೆ. ರೇಷ್ಮೆಯನ್ನೂ ಜರಿಯನ್ನೂ ಅಗತ್ಯವಾಗಿ ಪರೀಕ್ಷಿಸಿ, ಚೌಕಾಸಿಯನ್ನೂ ಮಾಡಿ. ಅದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಇದನ್ನು ನೇಯ್ದವರು ಯಾರು? ಅವರಿಗೆ ಹಣ ಕೊಟ್ಟಾಗಿದೆಯೇ? ಅಂಗಡಿಯವರು ಮೊದಲ ದಿನ ತಡವರಿಸುತ್ತಾರೆ, ಎರಡನೆಯ ದಿನ ಮಾತು ಮರೆಸುತ್ತಾರೆ. ದಿನಕ್ಕೆ ಹತ್ತು ಜನ ಕೇಳತೊಡಗಿದರೆ ಆಷಾಢದ ಹೊತ್ತಿಗೆ ಉತ್ತರ ಸಿದ್ಧಮಾಡಿಕೊಳ್ಳುತ್ತಾರೆ. ಗಿರಾಕಿ ಕೇಳಿದ್ದನ್ನು ತರಿಸದೆ ಉಳಿದ ಅಂಗಡಿ ನಮ್ಮ ಪೇಟೆಯಲ್ಲಿ ಇಲ್ಲ.

ಆ ಹುಡುಗಿ ಅಂದು ಕೆಂಪು ಅಂಚಿನ ಸೀರೆಯೊಂದನ್ನು ಆರಿಸಿಕೊಂಡು ಹೋದಳು. ಚೀಟಿಯಲ್ಲಿದ್ದ ಹೆಸರನ್ನು ಓದಿ ಅದರ ಫೋಟೊ ತೆಗೆದುಕೊಂಡಳು. ರಾತ್ರಿ ಮನೆಗೆ ಬಂದು ಬೀರುವಿನಿಂದ ನನ್ನ ಧಾರೆ ಸೀರೆಯನ್ನು ತೆಗೆದು ನೋಡಿದೆ. ಅಂಚು ಇನ್ನೂ ಗಟ್ಟಿಯಾಗಿದೆ, ಬಣ್ಣ ಬಿಟ್ಟಿಲ್ಲ. ಹಿಂಭಾಗದಲ್ಲಿ ಒಂದು ಎಳೆಯೂ ಸಡಿಲವಾಗಿಲ್ಲ. ಮಾವನವರು ಅಂಗಡಿಯ ಸರಕಿನಲ್ಲೇ ಅತ್ಯುತ್ತಮವಾದುದನ್ನು ಆರಿಸಿ ಕೊಟ್ಟಿದ್ದರು. ಅದನ್ನು ನೇಯ್ದವರು ಯಾರೆಂಬುದು ನಮ್ಮ ಯಾವ ಪುಸ್ತಕದಲ್ಲಿಯೂ ಬರೆದಿಲ್ಲ.